ಈವ್-ಎನ್‌ಜಿಯಲ್ಲಿ ಮೈಕ್ರೋಟಿಕ್ ವರ್ಚುವಲ್ ರೌಟರ್: ಸ್ಟಾರ್ಟ್ ಆಗದೆ ಸತಾಯಿಸುವ ನೋಡ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಈವ್-ಎನ್‌ಜಿ ಅಂದರೆ ಲ್ಯಾಪ್‌ಟಾಪ್‌ನೊಳಗೇ ರೌಟರ್‌ಗಳ ಲ್ಯಾಬ್ ಕಟ್ಟುವ ಸಾಫ್ಟ್‌ವೇರ್. ಅಲ್ಲಿನ ಪ್ರತಿ ರೌಟರ್ ಒಂದು ನೋಡ್, ಅದು ಏಳುವ ಡಿಸ್ಕ್ ಫೈಲ್ ಅದರ ಇಮೇಜ್. ಸ್ಟಾರ್ಟ್ ಒತ್ತುತ್ತೀರಿ. ರೌಟರ್ ಚಿತ್ರ ಒಂದು ಸೆಕೆಂಡ್ ನೀಲಿಯಾಗುತ್ತದೆ, ಮತ್ತೆ ಬೂದು ಬಣ್ಣ. ಇನ್ನೊಮ್ಮೆ ಒತ್ತುತ್ತೀರಿ, ಮತ್ತದೇ ಕಥೆ. ಇಮೇಜ್ ಕೆಟ್ಟಿರಬೇಕು ಅಂದುಕೊಂಡು ಬೇರೆ ಕಡೆಯಿಂದ ಡೌನ್‌ಲೋಡ್ ಮಾಡುತ್ತೀರಿ. ಅದೂ ಏಳುವುದಿಲ್ಲ. ರಾತ್ರಿ ಹನ್ನೆರಡಾಗಿರುತ್ತದೆ.

ಈ ದೂರು ಹಿಡಿದುಕೊಂಡು ನನ್ನ ಹತ್ತಿರ ಬಂದವರಲ್ಲಿ ಮುಕ್ಕಾಲು ಪಾಲು ಜನರ ಇಮೇಜ್ ಸರಿಯಾಗೇ ಇತ್ತು. ತಪ್ಪಿದ್ದು ಕ್ರಮ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದ್ದರು, ಇಲ್ಲವೇ ನಡುವಿನ ಒಂದು ಪರೀಕ್ಷೆಯನ್ನು 'ಅದೆಲ್ಲ ಸರಿ ಇರುತ್ತೆ ಬಿಡು' ಅಂತ ಹಾರಿಸಿದ್ದರು. ಅದಕ್ಕೇ ಇಲ್ಲಿ ಹೆಚ್ಚಿನ ಹಂತಗಳಲ್ಲಿ ಒಂದು ಪರೀಕ್ಷೆ ಇದೆ. ಅದು ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ಉದಾಹರಣೆಗೆ ಮೈಕ್ರೋಟಿಕ್ ಎಂಬ ರೌಟರ್ ಕಂಪನಿಯ ಸಿಎಚ್‌ಆರ್ (ಕ್ಲೌಡ್ ಹೋಸ್ಟೆಡ್ ರೌಟರ್, ಅಂದರೆ ವರ್ಚುವಲ್ ಮಷಿನ್‌ನಲ್ಲಿ ಓಡುವ ರೌಟರ್) ಇಮೇಜ್ ತೆಗೆದುಕೊಂಡಿದ್ದೇನೆ. ಕಂಪನಿಯ ಸೈಟಿನಲ್ಲೇ ಉಚಿತವಾಗಿ, ನೇರವಾಗಿ ಸಿಗುತ್ತದೆ. ಚಿಕ್ಕದು, ಹಗುರ. ಇದನ್ನು ಒಮ್ಮೆ ಎಬ್ಬಿಸಿದರೆ ಬೇರೆ ಕಂಪನಿಯ ಇಮೇಜ್‌ಗಳಿಗೂ ಹೆಚ್ಚು ಕಡಿಮೆ ಇದೇ ದಾರಿ.

ಒಂದು ಮಾತು: ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ನಾನು ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಲಿನಕ್ಸ್‌ಗೆ ಸಣ್ಣಕ್ಷರ, ದೊಡ್ಡಕ್ಷರ ಎರಡೂ ಬೇರೆ ಬೇರೆ.

## ಕೈಗೆ ಬೇಕಾದ ಸಾಮಾನು

ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಬೇಕು. 16 ಜಿಬಿ ರ‍್ಯಾಮ್ ಇದ್ದರೆ ಆರಾಮ. 8 ಜಿಬಿ ಇದ್ದರೂ ನಡೆಯುತ್ತದೆ, ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಡುವ ಅಭ್ಯಾಸ ಮಾತ್ರ ಬಿಡಬೇಕು. ಎಸ್‌ಎಸ್‌ಡಿಯಲ್ಲಿ 60 ಜಿಬಿಯಾದರೂ ಖಾಲಿ ಇರಲಿ. ಎಂ1 ಮತ್ತು ಅದರ ನಂತರದ ಚಿಪ್ ಇರುವ ಮ್ಯಾಕ್ ನಿಮ್ಮದಾದರೆ ಈ ದಾರಿ ನಿಮಗಲ್ಲ. ಇಲ್ಲಿನದೆಲ್ಲ ಎಕ್ಸ್86 ಪ್ರೊಸೆಸರ್‌ಗೆ.

ಸಾಫ್ಟ್‌ವೇರ್ ನಾಲ್ಕು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ (ವರ್ಚುವಲ್ ಮಷಿನ್ ಓಡಿಸಲು, 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ), ಈವ್-ಎನ್‌ಜಿ ಕಮ್ಯುನಿಟಿ ಆವೃತ್ತಿಯ ಐಎಸ್‌ಒ ಫೈಲ್, ಫೈಲ್ ಕಳಿಸಲು ವಿನ್‌ಎಸ್‌ಸಿಪಿ, ಕನ್ಸೋಲ್ ತೆರೆಯಲು ಪುಟ್ಟಿ. ವರ್ಚುವಲ್‌ಬಾಕ್ಸ್ ಆಗಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಈವ್-ಎನ್‌ಜಿಯವರೇ ಅದಕ್ಕೆ ಬೆಂಬಲ ಕೊಡುವುದಿಲ್ಲ. ಕಲಿಯುವ ಸಮಯದಲ್ಲಿ ಆ ತಲೆನೋವು ಯಾಕೆ?

ಇಮೇಜ್ ಇನ್ನೂ ಡೌನ್‌ಲೋಡ್ ಮಾಡಬೇಡಿ. ಅದರ ಸರದಿ ಮೂರನೇ ಹಂತದಲ್ಲಿ ಬರುತ್ತದೆ.

## ಹಂತ 1: ಲ್ಯಾಪ್‌ಟಾಪ್‌ನಲ್ಲಿ ವರ್ಚುವಲೈಸೇಷನ್ ಬಿಡಿಸಿಕೊಳ್ಳಿ

ಜಾಸ್ತಿ ಜನ ಬೀಳುವ ಗುಂಡಿ ಇದೇ. ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ವಿಂಡೋಸ್ ಒಳಗೆ ವಿಎಂವೇರ್, ಅದರೊಳಗೆ ಈವ್-ಎನ್‌ಜಿ ಎಂಬ ಲಿನಕ್ಸ್ ಮಷಿನ್, ಅದರೊಳಗೆ ರೌಟರ್ ಎಂಬ ಇನ್ನೊಂದು ಮಷಿನ್. ಪೆಟ್ಟಿಗೆಯೊಳಗೆ ಪೆಟ್ಟಿಗೆ. ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸಲು ಬೇಕಾದದ್ದು) ಒಳಗಿನ ಪೆಟ್ಟಿಗೆಯವರೆಗೂ ತಲುಪಬೇಕು. ನಡುವೆ ಯಾರೋ ಹಿಡಿದುಕೊಂಡರೆ ರೌಟರ್ ಏಳುವುದಿಲ್ಲ.

ಬಯಾಸ್. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಒತ್ತಿ. ಕೆಳಗೆ 'ವರ್ಚುವಲೈಸೇಷನ್: ಎನೇಬಲ್ಡ್' ಅಂತ ಇರಬೇಕು. ಡಿಸೇಬಲ್ಡ್ ಇದ್ದರೆ ಬಯಾಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ) ಹೋಗಿ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಆನ್ ಮಾಡಿ. ಅದಕ್ಕೂ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದೆಯಾ ನೋಡಿಕೊಳ್ಳಿ. ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡೇ ಬಯಾಸ್‌ಗೆ ಕೈ ಹಾಕಿ. ಸೆಟ್ಟಿಂಗ್ ಬದಲಾದ ಮೇಲೆ ವಿಂಡೋಸ್ ಆ 48 ಅಂಕೆ ಕೇಳಿ ಕೂತರೆ, ಕೀ ಇಲ್ಲದವರು ಡಿಸ್ಕ್‌ನಲ್ಲಿರುವ ಎಲ್ಲದಕ್ಕೂ ಕೈಮುಗಿಯಬೇಕಾಗುತ್ತದೆ.

ವಿಂಡೋಸ್‌ನ ಸ್ವಂತ ಹೈಪರ್‌ವೈಸರ್. ಬಯಾಸ್‌ನಲ್ಲಿ ಆನ್ ಇದ್ದರೂ ವಿಎಂವೇರ್ 'ವರ್ಚುವಲೈಸ್ಡ್ ಇಂಟೆಲ್ ವಿಟಿ-ಎಕ್ಸ್/ಇಪಿಟಿ ಈಸ್ ನಾಟ್ ಸಪೋರ್ಟೆಡ್ ಆನ್ ದಿಸ್ ಪ್ಲಾಟ್‌ಫಾರ್ಮ್' ಅನ್ನುತ್ತದೆ. ಪ್ರೊಸೆಸರ್ ಹಳೆಯದು ಅಂತ ಅರ್ಥವಲ್ಲ. ಹೈಪರ್-ವಿ (ವಿಂಡೋಸ್‌ನ ಸ್ವಂತ ಹೈಪರ್‌ವೈಸರ್, ಅಂದರೆ ವರ್ಚುವಲ್ ಮಷಿನ್ ಓಡಿಸುವ ಸಾಫ್ಟ್‌ವೇರ್) ಆ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ ಅಂತ. ನೀವು ಹೈಪರ್-ವಿ ಹಾಕಿಯೇ ಇಲ್ಲ ಅನ್ನಬಹುದು. ಡಬ್ಲ್ಯೂಎಸ್‌ಎಲ್2, ಡಾಕರ್ ಡೆಸ್ಕ್‌ಟಾಪ್, ಮೆಮೊರಿ ಇಂಟಿಗ್ರಿಟಿ: ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅದು ಒಳಗೊಳಗೇ ಎದ್ದು ಕೂತಿರುತ್ತದೆ.

ಬಿಡಿಸುವ ಕ್ರಮ ಹೀಗೆ:

1. ವಿಂಡೋಸ್ ಸೆಕ್ಯುರಿಟಿ ತೆರೆದು, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಷನ್ ಒಳಗೆ ಮೆಮೊರಿ ಇಂಟಿಗ್ರಿಟಿ ಆಫ್ ಮಾಡಿ.
2. 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಟಿಕ್ ತೆಗೆಯಿರಿ.
3. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಬಿಸಿಡಿಎಡಿಟ್ /ಸೆಟ್ ಹೈಪರ್‌ವೈಸರ್‌ಲಾಂಚ್‌ಟೈಪ್ ಆಫ್' ಕೊಡಿ. ಮುಂದೆ ಹಳೆಯ ಸ್ಥಿತಿ ಬೇಕೆನಿಸಿದರೆ ಇದೇ ಕಮಾಂಡ್, ಕೊನೆಯಲ್ಲಿ 'ಆಫ್' ಬದಲು 'ಆಟೋ'.
4. ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್‌ನಲ್ಲಿ ಶಟ್‌ಡೌನ್ ಅಂದರೆ ಅರ್ಧ ನಿದ್ದೆ ಅಷ್ಟೇ.

ಇದರಿಂದ ಡಬ್ಲ್ಯೂಎಸ್‌ಎಲ್2 ಮತ್ತು ಡಾಕರ್ ಕೆಲಸ ನಿಲ್ಲಿಸುತ್ತವೆ. ಮೆಮೊರಿ ಇಂಟಿಗ್ರಿಟಿ ಒಂದು ಭದ್ರತಾ ಸೌಲಭ್ಯ ಎಂಬುದೂ ನೆನಪಿರಲಿ. ಹಾಗಾಗಿ ಆಫೀಸು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಮಾಡಲೇಬೇಡಿ. ಮಾಡಲು ಹೋದರೂ ಅಲ್ಲಿನ ಪಾಲಿಸಿ ಮರುದಿನ ಎಲ್ಲವನ್ನೂ ವಾಪಸ್ ಆನ್ ಮಾಡಿರುತ್ತದೆ.

ಪರೀಕ್ಷೆ: ರನ್ ಬಾಕ್ಸ್‌ನಲ್ಲಿ 'ಎಂಎಸ್‌ಇನ್ಫೋ32' ಕೊಡಿ. 'ವರ್ಚುವಲೈಸೇಷನ್-ಬೇಸ್ಡ್ ಸೆಕ್ಯುರಿಟಿ' ಸಾಲಿನಲ್ಲಿ 'ನಾಟ್ ಎನೇಬಲ್ಡ್' ಇರಬೇಕು. 'ರನ್ನಿಂಗ್' ಇದ್ದರೆ ಮೇಲಿನ ನಾಲ್ಕರಲ್ಲಿ ಏನೋ ಉಳಿದಿದೆ.

## ಹಂತ 2: ಈವ್-ಎನ್‌ಜಿ ಮಷಿನ್ ಕಟ್ಟಿ

ವಿಎಂವೇರ್‌ನಲ್ಲಿ ಹೊಸ ಮಷಿನ್ ಮಾಡಿ, ಗೆಸ್ಟ್ ಓಎಸ್ ಆಗಿ ಉಬುಂಟು 64-ಬಿಟ್ ಆರಿಸಿ. ಆದರೆ ಮಷಿನ್ ಮಾಡುವಾಗಲೇ ಐಎಸ್‌ಒ ಕೊಡಬೇಡಿ. ವಿಎಂವೇರ್ ಅದನ್ನು ಮಾಮೂಲಿ ಉಬುಂಟು ಅಂದುಕೊಂಡು ತಾನೇ ಇನ್‌ಸ್ಟಾಲ್ ಮಾಡಲು ಹೊರಡಬಹುದು. ಮಷಿನ್ ತಯಾರಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಡಿ ಡ್ರೈವ್‌ಗೆ ಐಎಸ್‌ಒ ತೋರಿಸಿ.

ಅದೇ ಸೆಟ್ಟಿಂಗ್ಸ್‌ನಲ್ಲಿ ಇನ್ನು ನಾಲ್ಕು ವಿಷಯ:

- ರ‍್ಯಾಮ್: ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ಇದ್ದರೆ 8, ಒಟ್ಟು 8 ಇದ್ದರೆ 4.
- ಡಿಸ್ಕ್: ತಾನಾಗಿ ಬರುವ 20 ಜಿಬಿ ಸಾಲದು, 60 ಕೊಡಿ. ಡಿಸ್ಕ್ ತುಂಬಿದ ದಿನ ವೆಬ್ ಪುಟಕ್ಕೆ ಲಾಗಿನ್ ಆಗುವುದೇ ನಿಲ್ಲುತ್ತದೆ. ಆಗ ನೀವು ಪಾಸ್‌ವರ್ಡ್ ಮರೆತೆ ಅಂದುಕೊಂಡು ಒದ್ದಾಡುತ್ತೀರಿ.
- ಪ್ರೊಸೆಸರ್: ನಾಲ್ಕು ಕೋರ್. ಪಕ್ಕದಲ್ಲೇ 'ವರ್ಚುವಲೈಸ್ ಇಂಟೆಲ್ ವಿಟಿ-ಎಕ್ಸ್/ಇಪಿಟಿ ಆರ್ ಎಎಂಡಿ-ವಿ/ಆರ್‌ವಿಐ' ಎಂಬ ಚೌಕ ಇದೆ. ಅದಕ್ಕೆ ಟಿಕ್ ಹಾಕಿ. ಮೊದಲನೇ ಹಂತದಲ್ಲಿ ಪಟ್ಟ ಪಾಡೆಲ್ಲ ಈ ಒಂದು ಟಿಕ್‌ಗಾಗಿ.
- ನೆಟ್‌ವರ್ಕ್: ಲ್ಯಾಪ್‌ಟಾಪ್ ವೈಫೈನಲ್ಲಿದ್ದರೆ ನ್ಯಾಟ್ (ಲ್ಯಾಪ್‌ಟಾಪ್‌ನ ಐಪಿಯ ಹಿಂದೆ ಅಡಗಿ ಹೊರಗೆ ಹೋಗುವ ಬಗೆ) ಆರಿಸಿ. ಕೇಬಲ್ ಹಾಕಿದ್ದರೆ ಮಾತ್ರ ಬ್ರಿಡ್ಜ್ (ಮನೆಯ ನೆಟ್‌ವರ್ಕ್‌ಗೇ ನೇರವಾಗಿ ಸೇರುವ ಬಗೆ) ಯೋಚಿಸಿ. ವೈಫೈ ಮೇಲೆ ಬ್ರಿಡ್ಜ್ ಮಾಡಿದರೆ ಒಳಗಿನ ರೌಟರ್‌ಗಳ ಮ್ಯಾಕ್ ವಿಳಾಸಗಳನ್ನು ಆಕ್ಸೆಸ್ ಪಾಯಿಂಟ್ ಒಪ್ಪದೆ ತಕರಾರು ಶುರುವಾಗುತ್ತದೆ.

ಇನ್‌ಸ್ಟಾಲ್ ತಾನಾಗಿ ನಡೆಯುತ್ತದೆ. ನಡುವೆ ಇಂಟರ್ನೆಟ್‌ನಿಂದ ಪ್ಯಾಕೇಜ್ ಎಳೆದುಕೊಳ್ಳುವ ಭಾಗ ಇದೆ, ಆಗ ಕನೆಕ್ಷನ್ ಹೋದರೆ ಅರ್ಧಂಬರ್ಧ ಮಷಿನ್ ಸಿಗುತ್ತದೆ. ಕರೆಂಟ್ ಕೈಕೊಡುವ ಹೊತ್ತಲ್ಲಿ ಶುರು ಮಾಡಬೇಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತೆ, ಮನೆಯ ವೈಫೈ ಡಬ್ಬಕ್ಕೆ ಇರಲ್ಲ ಅಲ್ವಾ.

ಮುಗಿದ ಮೇಲೆ ಕಪ್ಪು ತೆರೆಯಲ್ಲಿ 'ರೂಟ್', ಪಾಸ್‌ವರ್ಡ್ 'ಈವ್' (ಇ, ವಿ, ಇ) ಕೊಟ್ಟು ಒಳಗೆ ಹೋಗಿ. ಹೊಸ ಪಾಸ್‌ವರ್ಡ್, ಹೋಸ್ಟ್ ಹೆಸರು ಇತ್ಯಾದಿ ಕೇಳುತ್ತದೆ. ಐಪಿಗೆ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಸಾಕು. ತೆರೆಯ ಮೇಲೆ ಕಾಣುವ ಐಪಿಯನ್ನು ಬ್ರೌಸರ್‌ನಲ್ಲಿ ಹಾಕಿದರೆ ವೆಬ್ ಪುಟ ಬರಬೇಕು. ಅಲ್ಲಿನ ಲಾಗಿನ್ ಬೇರೆ: 'ಅಡ್ಮಿನ್' ಮತ್ತು 'ಈವ್'. ಎರಡು ಕಡೆಯ ಲಾಗಿನ್ ಬೇರೆ ಬೇರೆ ಎಂಬುದು ಗೊತ್ತಿಲ್ಲದೆ ಅರ್ಧ ಗಂಟೆ ಕಳೆದವರನ್ನು ಕಂಡಿದ್ದೇನೆ.

ಪರೀಕ್ಷೆ: ಕಪ್ಪು ತೆರೆಯಲ್ಲಿ 'ಕೆವಿಎಂ-ಓಕೆ' ಕೊಡಿ (ಕೆವಿಎಂ ಅಂದರೆ ಲಿನಕ್ಸ್‌ನ ವರ್ಚುವಲೈಸೇಷನ್ ಭಾಗ). 'ಕೆವಿಎಂ ಆಕ್ಸೆಲರೇಷನ್ ಕ್ಯಾನ್ ಬಿ ಯೂಸ್ಡ್' ಬಂದರೆ ಗೆದ್ದಿರಿ. ಬದಲಿಗೆ ಲಾಗಿನ್ ಆದ ಕೂಡಲೇ 'ನೈದರ್ ಇಂಟೆಲ್ ವಿಟಿ-ಎಕ್ಸ್ ಆರ್ ಎಎಂಡಿ-ವಿ ಫೌಂಡ್' ಎಂಬ ಎಚ್ಚರಿಕೆ ಕಂಡರೆ ಇಲ್ಲಿಗೇ ನಿಲ್ಲಿ. ಆ ಟಿಕ್ ನೋಡಿ, ಇಲ್ಲವೇ ಮೊದಲ ಹಂತಕ್ಕೆ ವಾಪಸ್ ಹೋಗಿ. ಇಷ್ಟು ಸರಿಯಾಗದೆ ನೂರು ಇಮೇಜ್ ಹಾಕಿದರೂ ಒಂದೂ ಏಳದು.

ಪಾಸಾದರೆ ವಿಎಂವೇರ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಮುಂದೆ ಕೆಟ್ಟರೆ ಮರಳಲು ಈಗಿನ ಸ್ಥಿತಿಯ ನಕಲು) ತೆಗೆದಿಡಿ.

## ಹಂತ 3: ಇಮೇಜ್ ಇಳಿಸಿಕೊಳ್ಳಿ

ಮೈಕ್ರೋಟಿಕ್ ಸೈಟಿನ ಡೌನ್‌ಲೋಡ್ ಪುಟದಲ್ಲಿ 'ಕ್ಲೌಡ್ ಹೋಸ್ಟೆಡ್ ರೌಟರ್' ಎಂಬ ಭಾಗ ಇದೆ. ಒಂದೇ ರೌಟರ್ ಬೇರೆ ಬೇರೆ ರೂಪದಲ್ಲಿ ಸಾಲಾಗಿ ಇರುತ್ತದೆ. 'ರಾ ಡಿಸ್ಕ್ ಇಮೇಜ್' ತೆಗೆದುಕೊಳ್ಳಿ, ಸ್ಟೇಬಲ್ ಆವೃತ್ತಿಯದು. ಎಆರ್‌ಎಂ64 ಅಂತ ಬರೆದಿರುವುದು ಬೇಡ.

ಜಿಪ್ ಫೈಲ್ ಬರುತ್ತದೆ. ಅದನ್ನು ವಿಂಡೋಸ್‌ನಲ್ಲೇ ಬಿಚ್ಚಿ. ಒಳಗಿನ ಐಎಂಜಿ ಫೈಲ್ ಸುಮಾರು 128 ಎಂಬಿ ಇರಬೇಕು. ಕೆಲವೇ ಕೆಬಿ ಇದ್ದರೆ ನಿಮ್ಮ ಕೈಗೆ ಬಂದಿರುವುದು ರೌಟರ್ ಅಲ್ಲ, ಯಾವುದೋ ವೆಬ್ ಪುಟ.

ಇಲ್ಲೊಂದು ಮಾತು ಹೇಳಲೇಬೇಕು. ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ) ಓದುವವರ ಟೆಲಿಗ್ರಾಂ ಗುಂಪುಗಳಲ್ಲಿ ಸಿಸ್ಕೋ ಇಮೇಜ್‌ಗಳ ಡ್ರೈವ್ ಲಿಂಕ್ ಓಡಾಡುತ್ತಲೇ ಇರುತ್ತದೆ. ಲೈಸೆನ್ಸ್ ಮಾತು ಹಾಗಿರಲಿ, ಯಾರೋ ತಿದ್ದಿ ಹಂಚಿದ ಡಿಸ್ಕನ್ನು ಮನೆಯ ನೆಟ್‌ವರ್ಕ್‌ಗೆ ಸಿಕ್ಕಿಸುವುದು ಬುದ್ಧಿವಂತಿಕೆಯಲ್ಲ. ಸಿಸ್ಕೋನೇ ಬೇಕು ಅಂದರೆ ಅವರದೇ ಲ್ಯಾಬ್ ಸಾಫ್ಟ್‌ವೇರ್ ಸಿಎಂಎಲ್‌ಗೆ ಐದು ನೋಡ್‌ಗಳ ಉಚಿತ ಆವೃತ್ತಿ ಇದೆ. ರೌಟಿಂಗ್ ಕಲಿಯಲು ಸಿಎಚ್‌ಆರ್ ಸಾಕು. ಓಎಸ್‌ಪಿಎಫ್ (ರೌಟರ್‌ಗಳು ದಾರಿ ಹಂಚಿಕೊಳ್ಳುವ ಒಂದು ಪ್ರೋಟೊಕಾಲ್) ಯಾವ ಡಬ್ಬದಲ್ಲಿ ಓಡಿದರೂ ಓಎಸ್‌ಪಿಎಫ್ಫೇ.

## ಹಂತ 4: ಫೋಲ್ಡರ್ ಮತ್ತು ಡಿಸ್ಕ್ ಹೆಸರು

ಎರಡನೇ ದೊಡ್ಡ ಗುಂಡಿ ಇದು. ಈವ್-ಎನ್‌ಜಿ ಇಮೇಜ್ ಒಳಗೆ ಇಣುಕಿ 'ಓ, ಇದು ಮೈಕ್ರೋಟಿಕ್' ಅಂತ ಗುರುತಿಸುವುದಿಲ್ಲ. ಫೋಲ್ಡರ್ ಹೆಸರು ನೋಡುತ್ತದೆ, ಡಿಸ್ಕ್ ಹೆಸರು ನೋಡುತ್ತದೆ. ಒಂದಕ್ಷರ ಆಚೀಚೆಯಾದರೂ ಅದರ ಪಾಲಿಗೆ ಇಮೇಜೇ ಇಲ್ಲ.

ಜಾಗ. ಎಲ್ಲ ಇಮೇಜ್‌ಗಳ ಮನೆ: /ಆಪ್ಟ್/ಯುನೆಟ್‌ಲ್ಯಾಬ್/ಆಡನ್ಸ್/ಕ್ಯೂಎಂಯು. ಆಪ್ಟ್ ಅಂದರೆ ಓ, ಪಿ, ಟಿ. ಆಡನ್ಸ್‌ನಲ್ಲಿ ಎರಡು ಡಿ ಇವೆ. ಕೊನೆಯದು ಕ್ಯೂ, ಇ, ಎಂ, ಯು. ಪ್ರತಿ ಹೆಸರಿನ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿ. ಉಳಿದದ್ದನ್ನು ಮಷಿನ್ನೇ ತುಂಬುತ್ತದೆ. ತುಂಬಲಿಲ್ಲ ಅಂದರೆ ಹೊಡೆದದ್ದು ತಪ್ಪು ಅಂತ ಅರ್ಥ. ನಾನು ಇಷ್ಟು ವರ್ಷವಾದರೂ ಟ್ಯಾಬ್ ಇಲ್ಲದೆ ಆ ದಾರಿ ಟೈಪ್ ಮಾಡುವುದಿಲ್ಲ.

ಫೋಲ್ಡರ್. ಅಲ್ಲಿಗೆ ಹೋಗಿ 'ಎಂಕೆಡಿಐಆರ್' ಕಮಾಂಡ್‌ನಿಂದ ಹೊಸ ಫೋಲ್ಡರ್ ಮಾಡಿ. ಹೆಸರು 'ಮೈಕ್ರೋಟಿಕ್', ಒಂದು ಅಡ್ಡಗೆರೆ, ಆಮೇಲೆ ನೀವು ಇಳಿಸಿದ ಆವೃತ್ತಿಯ ಸಂಖ್ಯೆ. ಸ್ಪೆಲಿಂಗ್: ಎಂ, ಐ, ಕೆ, ಆರ್, ಓ, ಟಿ, ಐ, ಕೆ. 'ಮೈಕ್ರೋ' ಅಂದಾಗ ಬೆರಳು ತಾನಾಗಿ ಸಿ ಕಡೆ ಹೋಗುತ್ತದೆ, ಹುಷಾರು. ಅದು ಅಡ್ಡಗೆರೆ, ಅಂಡರ್‌ಸ್ಕೋರ್ ಅಲ್ಲ. ನಡುವೆ ಸ್ಪೇಸ್ ಬೇಡ. ಅಡ್ಡಗೆರೆಯ ಮುಂಚಿನದು ಮಾತ್ರ ಕಟ್ಟುನಿಟ್ಟು, ನಂತರದ್ದು ನಿಮ್ಮ ಗುರುತಿಗೆ.

ಕಳಿಸುವುದು. ವಿನ್‌ಎಸ್‌ಸಿಪಿ ತೆರೆದು ಈವ್-ಎನ್‌ಜಿ ಐಪಿ, ಎಸ್‌ಎಫ್‌ಟಿಪಿ, ಪೋರ್ಟ್ 22, ರೂಟ್ ಲಾಗಿನ್ ಕೊಟ್ಟು ಐಎಂಜಿ ಫೈಲನ್ನು ಆ ಹೊಸ ಫೋಲ್ಡರ್ ಒಳಗೆ ಹಾಕಿ.

ಪರಿವರ್ತನೆ. ಈಗ ರಾ ರೂಪದ ಡಿಸ್ಕನ್ನು ಈವ್-ಎನ್‌ಜಿಗೆ ಬೇಕಾದ ಕ್ಯೂಕೌ2 ರೂಪಕ್ಕೆ ಬದಲಾಯಿಸಬೇಕು. ಫೈಲಿನ ಬಾಲ ಬದಲಾಯಿಸಿದರೆ ರೂಪ ಬದಲಾಗುವುದಿಲ್ಲ. ಅಕ್ಕಿ ಡಬ್ಬಕ್ಕೆ ರವೆ ಅಂತ ಚೀಟಿ ಅಂಟಿಸಿದ ಹಾಗೆ. ಫೋಲ್ಡರ್ ಒಳಗೆ ನಿಂತು ಕೊಡಬೇಕಾದ ಕಮಾಂಡ್:

/ಆಪ್ಟ್/ಕ್ಯೂಎಂಯು/ಬಿನ್/ಕ್ಯೂಎಂಯು-ಐಎಂಜಿ ಕನ್ವರ್ಟ್ -ಎಫ್ ರಾ -ಓ ಕ್ಯೂಕೌ2 (ನಿಮ್ಮ ಐಎಂಜಿ ಫೈಲಿನ ಹೆಸರು) ಎಚ್‌ಡಿಎ.ಕ್ಯೂಕೌ2

ಇದರಲ್ಲಿ ಎಫ್ ಸಣ್ಣಕ್ಷರ, ಓ ಮಾತ್ರ ದೊಡ್ಡಕ್ಷರ. ಸೊನ್ನೆಯಲ್ಲ, ಅಕ್ಷರ. ಸಣ್ಣ ಓ ಹಾಕಿದರೆ ಅದಕ್ಕೆ ಬೇರೆಯೇ ಅರ್ಥ, ಎರರ್ ಬರುತ್ತದೆ. 'ರಾ' ಅಂದರೆ ಆರ್, ಎ, ಡಬ್ಲ್ಯೂ. ಕ್ಯೂಕೌ2 ಅಂದರೆ ಕ್ಯೂ, ಸಿ, ಓ, ಡಬ್ಲ್ಯೂ, 2.

ಡಿಸ್ಕ್ ಹೆಸರು ಎಚ್‌ಡಿಎ ಎಂದೇ ಇರಬೇಕು: ಎಚ್, ಡಿ, ಎ. ಸಿಸ್ಕೋದ ವಿಐಓಎಸ್ ಎಂಬ ವರ್ಚುವಲ್ ರೌಟರ್ ಹಾಕಿ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ, ಅದರ ಡಿಸ್ಕ್ ಹೆಸರು ವಿರ್ಟಿಯೋಎ. ಯಾವ ರೌಟರ್‌ಗೆ ಯಾವ ಹೆಸರು ಎಂಬ ಪಟ್ಟಿ ಈವ್-ಎನ್‌ಜಿಯ ದಾಖಲೆಯಲ್ಲೇ ಇದೆ. ಹೊಸ ಇಮೇಜ್ ಹಾಕುವಾಗಲೆಲ್ಲ ಅದನ್ನು ತೆರೆದಿಟ್ಟುಕೊಳ್ಳಿ, ಊಹೆ ಮಾಡಬೇಡಿ.

ಪರೀಕ್ಷೆ: ಅದೇ ಕ್ಯೂಎಂಯು-ಐಎಂಜಿ ಕಮಾಂಡ್‌ಗೆ 'ಕನ್ವರ್ಟ್' ಬದಲು 'ಇನ್ಫೋ' ಕೊಟ್ಟು ಎಚ್‌ಡಿಎ ಫೈಲ್ ತೋರಿಸಿ. 'ಫೈಲ್ ಫಾರ್ಮ್ಯಾಟ್: ಕ್ಯೂಕೌ2' ಬರಬೇಕು. 'ರಾ' ಅಂತ ಬಂದರೆ ನೀವು ಚೀಟಿ ಅಂಟಿಸಿದ್ದೀರಿ. ಸರಿ ಇದ್ದರೆ ಹಳೆಯ ಐಎಂಜಿ ಫೈಲನ್ನು ಅಳಿಸಿಬಿಡಿ. ಕೊನೆಗೆ ಫೋಲ್ಡರ್ ಒಳಗೆ ಎಚ್‌ಡಿಎ.ಕ್ಯೂಕೌ2 ಒಂದೇ ಉಳಿಯಬೇಕು.

## ಹಂತ 5: ಪರ್ಮಿಷನ್ ಸರಿಪಡಿಸಿ

ಹತ್ತು ಸೆಕೆಂಡಿನ ಕೆಲಸ, ಮರೆತರೆ ಒಂದು ಸಂಜೆ ಹೋಗುತ್ತದೆ. ಕಮಾಂಡ್ ಇದು:

/ಆಪ್ಟ್/ಯುನೆಟ್‌ಲ್ಯಾಬ್/ರ‍್ಯಾಪರ್ಸ್/ಯುಎನ್‌ಎಲ್_ರ‍್ಯಾಪರ್ -ಎ ಫಿಕ್ಸ್‌ಪರ್ಮಿಷನ್ಸ್

ರ‍್ಯಾಪರ್ ಶುರುವಾಗುವುದು ಡಬ್ಲ್ಯೂನಿಂದ. ಯುಎನ್‌ಎಲ್ ಆದಮೇಲೆ ಅಂಡರ್‌ಸ್ಕೋರ್. ಇಲ್ಲಿಯವರೆಗೂ ಟ್ಯಾಬ್ ಸಹಾಯ ಮಾಡುತ್ತದೆ. ಕೊನೆಯ 'ಫಿಕ್ಸ್‌ಪರ್ಮಿಷನ್ಸ್' ಮಾತ್ರ ಕೈಯಾರೆ ಹೊಡೆಯಬೇಕು, ಒಂದೇ ಪದ.

ಇಮೇಜ್ ಹಾಕಿದಾಗ, ಹೆಸರು ಬದಲಾಯಿಸಿದಾಗ, ಫೈಲ್ ಮುಟ್ಟಿದಾಗ, ಪ್ರತಿ ಸಲವೂ ಇದನ್ನು ಓಡಿಸಿ. ಮೊನ್ನೆ ಓಡಿಸಿದ್ದೆನಲ್ಲ ಅನ್ನುವ ಹಾಗಿಲ್ಲ.

## ಹಂತ 6: ಲ್ಯಾಬ್‌ನಲ್ಲಿ ನೋಡ್ ಸೇರಿಸಿ

ವೆಬ್ ಪುಟದಲ್ಲಿ ಹೊಸ ಲ್ಯಾಬ್ ತೆರೆದು, ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ 'ನೋಡ್' ಆರಿಸಿ. ದೊಡ್ಡ ಪಟ್ಟಿ ಬರುತ್ತದೆ. ಈ ಪಟ್ಟಿಯೇ ಒಂದು ಪರೀಕ್ಷೆ: ಇಮೇಜ್ ಇರುವ ಸಾಲುಗಳು ನೀಲಿ, ಇಲ್ಲದವು ಬೂದು. ಮೈಕ್ರೋಟಿಕ್ ಸಾಲು ಬೂದಾಗಿದ್ದರೆ ಫೋಲ್ಡರ್ ಹೆಸರು ತಪ್ಪಾಗಿದೆ, ಇಲ್ಲವೇ ಫೋಲ್ಡರ್ ಬೇರೆಲ್ಲೋ ಇದೆ. ನಾಲ್ಕನೇ ಹಂತಕ್ಕೆ ಹಿಂದಿರುಗಿ.

ನೀಲಿ ಇದ್ದರೆ ಆರಿಸಿ. ಕೆಳಗಿನ ಸಂಖ್ಯೆಗಳನ್ನು ನೋಡದೆ ಸೇವ್ ಒತ್ತಬೇಡಿ. ರ‍್ಯಾಮ್ 256 ಎಂಬಿ ಅಂತ ಇದ್ದರೆ 512 ಮಾಡಿ. ಮೈಕ್ರೋಟಿಕ್‌ನ ಆಪರೇಟಿಂಗ್ ಸಿಸ್ಟಂ ಆದ ರೌಟರ್‌ಓಎಸ್ 7ಕ್ಕೆ ಕನಿಷ್ಠ 256 ಬೇಕು, ಅದರ ಮೇಲೆ ಪ್ರತಿ ಹೆಚ್ಚುವರಿ ಪೋರ್ಟ್‌ಗೆ ಪ್ರತಿ ಸಿಪಿಯು ಲೆಕ್ಕದಲ್ಲಿ 8 ಎಂಬಿ. ಒಂದು ಸಿಪಿಯು, ನಾಲ್ಕು ಪೋರ್ಟ್ ಅಂದರೆ ಆಗಲೇ 280 ಆಯಿತು. 256ರಲ್ಲಿ ಕೆಲವೊಮ್ಮೆ ಏಳುತ್ತದೆ, ಕೆಲವೊಮ್ಮೆ ನಡುವೆ ತಾನೇ ರೀಬೂಟ್ ಆಗುತ್ತದೆ. ಈ 'ಕೆಲವೊಮ್ಮೆ'ಯಷ್ಟು ತಲೆ ತಿನ್ನುವುದು ಬೇರೊಂದಿಲ್ಲ.

ಎರಡು ರೌಟರ್ ಸೇರಿಸಿ. ಮತ್ತೆ ಬಲ ಕ್ಲಿಕ್ ಮಾಡಿ 'ನೆಟ್‌ವರ್ಕ್' ಆರಿಸಿ, ಬಗೆ 'ಮ್ಯಾನೇಜ್‌ಮೆಂಟ್ ಕ್ಲೌಡ್0'. ಹೊರಗಿನ ಇಂಟರ್ನೆಟ್‌ಗೆ ಬಾಗಿಲು ಅದೇ. ಮೊದಲ ರೌಟರ್‌ನ ಮೊದಲ ಪೋರ್ಟನ್ನು ಕ್ಲೌಡ್‌ಗೆ ಎಳೆಯಿರಿ, ಎರಡನೇ ಪೋರ್ಟನ್ನು ಇನ್ನೊಂದು ರೌಟರ್‌ನ ಎರಡನೇ ಪೋರ್ಟ್‌ಗೆ. ನೋಡ್‌ಗಳು ನಿಂತಿರುವಾಗಲೇ ಈ ವೈರ್ ಕೆಲಸ ಮುಗಿಸಿ. ಕಮ್ಯುನಿಟಿ ಆವೃತ್ತಿಯಲ್ಲಿ ಓಡುತ್ತಿರುವ ನೋಡ್‌ಗೆ ವೈರ್ ಸಿಕ್ಕಿಸಲು ಬರುವುದಿಲ್ಲ.

## ಹಂತ 7: ಮೊದಲ ಬೂಟ್

ಸ್ಟಾರ್ಟ್ ಒತ್ತಿ, ಚಿತ್ರ ನೀಲಿಯಾಗಿಯೇ ಉಳಿದರೆ ಅದರ ಮೇಲೆ ಕ್ಲಿಕ್ ಮಾಡಿ. ಕಪ್ಪು ಕಿಟಕಿ ತೆರೆಯುತ್ತದೆ. ಏನೂ ಕಾಣದಿದ್ದರೆ ಒಂದು ನಿಮಿಷ ಬಿಟ್ಟು ಎಂಟರ್ ಒತ್ತಿ. ಬೂಟ್ ಆಗಿ ಸುಮ್ನೆ ಕಾಯುತ್ತಿರುತ್ತದೆ, ಎಷ್ಟೋ ಜನ ಹ್ಯಾಂಗ್ ಆಯಿತು ಅಂದುಕೊಂಡು ನಿಲ್ಲಿಸಿಬಿಡುತ್ತಾರೆ. ಕ್ಲಿಕ್ ಮಾಡಿದರೂ ಪುಟ್ಟಿ ತೆರೆಯದಿದ್ದರೆ ಈವ್-ಎನ್‌ಜಿಯ ವಿಂಡೋಸ್ ಇಂಟಿಗ್ರೇಷನ್ ಪ್ಯಾಕ್ ಹಾಕಿಲ್ಲ ಅಂತ. ಬೇಡವೆಂದರೆ ಲಾಗಿನ್ ಪುಟದಲ್ಲಿ ಎಚ್‌ಟಿಎಂಎಲ್5 ಕನ್ಸೋಲ್ ಆರಿಸಿ, ಬ್ರೌಸರ್‌ನಲ್ಲೇ ತೆರೆಯುತ್ತದೆ.

ಲಾಗಿನ್ 'ಅಡ್ಮಿನ್', ಪಾಸ್‌ವರ್ಡ್ ಖಾಲಿ, ಬರೀ ಎಂಟರ್. ಲೈಸೆನ್ಸ್ ಓದುತ್ತೀರಾ ಅಂತ ಕೇಳಿದರೆ ಎನ್. ಆಮೇಲೆ ಹೊಸ ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ತೆರೆಯ ಮೇಲೆ ಅಕ್ಷರಗಳು ಕಲಸಿಕೊಂಡು ವಿಚಿತ್ರ ಚಿಹ್ನೆ ಬರುತ್ತಿದ್ದರೆ 'ಅಡ್ಮಿನ್' ಪಕ್ಕದಲ್ಲೇ ಕೂಡಿಸುವ ಚಿಹ್ನೆ, ಸಿ, ಟಿ ಸೇರಿಸಿ ಲಾಗಿನ್ ಆಗಿ. ಬಣ್ಣ ಮತ್ತು ಟರ್ಮಿನಲ್ ಹುಡುಕಾಟ ಎರಡನ್ನೂ ಅದು ನಿಲ್ಲಿಸುತ್ತದೆ.

ಸಿಎಚ್‌ಆರ್‌ನ ಮೊದಲ ಪೋರ್ಟ್ ತಾನಾಗಿ ಡಿಎಚ್‌ಸಿಪಿಯಿಂದ ಐಪಿ ಕೇಳುತ್ತದೆ. '/ಐಪಿ ಡಿಎಚ್‌ಸಿಪಿ-ಕ್ಲೈಂಟ್ ಪ್ರಿಂಟ್' ಕೊಟ್ಟರೆ 'ಬೌಂಡ್' ಎಂದು ತೋರಿಸಬೇಕು. 'ಸರ್ಚಿಂಗ್' ಅಂತಲೇ ಉಳಿದರೆ ಕ್ಲೌಡ್‌ನ ವೈರ್ ಬೇರೆ ಪೋರ್ಟ್‌ಗೆ ಹೋಗಿದೆಯಾ, ವೈಫೈ ಮೇಲೆ ಬ್ರಿಡ್ಜ್ ಮಾಡಿದ್ದೀರಾ ನೋಡಿ. ಬೌಂಡ್ ಆಗಿದ್ದರೆ 8.8.8.8ಕ್ಕೆ ಪಿಂಗ್ ಮಾಡಿ. ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್-ಸಿ ಒತ್ತಿ.

ಈಗ ಎರಡು ರೌಟರ್‌ಗಳ ನಡುವೆ. ಮೊದಲನೆಯದರಲ್ಲಿ '/ಐಪಿ ಅಡ್ರೆಸ್ ಆಡ್ ಅಡ್ರೆಸ್=10.0.12.1/30 ಇಂಟರ್‌ಫೇಸ್=ಈಥರ್2', ಎರಡನೆಯದರಲ್ಲಿ ಅದೇ ಸಾಲು, 10.0.12.2/30. ಒಂದರಿಂದ ಇನ್ನೊಂದಕ್ಕೆ ಪಿಂಗ್ ಹೋದರೆ ಲ್ಯಾಬ್ ಜೀವಂತ.

## ನೋಡ್ ಏಳದಿದ್ದರೆ, ಎದ್ದರೂ ಸರಿ ಇಲ್ಲದಿದ್ದರೆ

ನೀಲಿಯಾಗಿ ತಕ್ಷಣ ಬೂದಾಗುತ್ತದೆ. ಹುಡುಕುವ ಕ್ರಮ: ಮೊದಲು ಕೆವಿಎಂ-ಓಕೆ, ಆಮೇಲೆ ಪರ್ಮಿಷನ್, ಆಮೇಲೆ ಡಿಸ್ಕ್ ಹೆಸರು, ಕೊನೆಗೆ ಡಿಸ್ಕ್ ಜಾಗ ('ಡಿಎಫ್ -ಎಚ್' ಕೊಟ್ಟರೆ ತಿಳಿಯುತ್ತದೆ). ಇಮೇಜ್ ಮತ್ತೆ ಡೌನ್‌ಲೋಡ್ ಮಾಡುವುದು ಇದೆಲ್ಲ ಆದ ಮೇಲೆ.

ತಪ್ಪು ಸರಿಪಡಿಸಿದ ಮೇಲೂ ಹಳೆಯ ವರ್ತನೆ. ನೋಡ್ ಮೊದಲ ಸಲ ಸ್ಟಾರ್ಟ್ ಆದಾಗ ಈವ್-ಎನ್‌ಜಿ ಮೂಲ ಇಮೇಜ್ ಮೇಲೆ ಒಂದು ತೆಳುವಾದ ಪದರ ಮಾಡಿಕೊಳ್ಳುತ್ತದೆ. ನೀವು ಮೂಲವನ್ನು ಬದಲಾಯಿಸಿದರೂ ಆ ಹಳೆಯ ಪದರ ಉಳಿದಿರುತ್ತದೆ. ನೋಡ್ ನಿಲ್ಲಿಸಿ, ಬಲ ಕ್ಲಿಕ್ ಮಾಡಿ 'ವೈಪ್' ಕೊಡಿ. ಆ ರೌಟರ್‌ನ ಕಾನ್ಫಿಗರೇಷನ್ ಪೂರ್ತಿ ಹೋಗುತ್ತದೆ ಎಂಬುದು ಗೊತ್ತಿರಲಿ.

ಪಿಂಗ್ ಚೆನ್ನಾಗಿದೆ, ಫೈಲ್ ಮಾತ್ರ ಆಮೆ ನಡಿಗೆ. ಇದು ತಪ್ಪಲ್ಲ. ಉಚಿತ ಸಿಎಚ್‌ಆರ್‌ಗೆ ಪ್ರತಿ ಪೋರ್ಟ್‌ನಿಂದ ಹೊರಹೋಗುವ ವೇಗ 1 ಎಂಬಿಪಿಎಸ್‌ಗೆ ಮಿತಿ. '/ಸಿಸ್ಟಂ ಲೈಸೆನ್ಸ್ ಪ್ರಿಂಟ್' ಕೊಟ್ಟರೆ 'ಫ್ರೀ' ಅಂತ ತೋರಿಸುತ್ತದೆ. ಒಬ್ಬ ಹುಡುಗ ಇದೇ ಕಾರಣಕ್ಕೆ ಎರಡು ದಿನ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬದಲಾಯಿಸುತ್ತಾ ಕೂತಿದ್ದ. ರೌಟಿಂಗ್ ಕಲಿಯಲು ಈ ವೇಗ ಧಾರಾಳ. ವೇಗವನ್ನೇ ಅಳೆಯಬೇಕಿದ್ದರೆ ಮೈಕ್ರೋಟಿಕ್ ಖಾತೆ ತೆರೆದು 60 ದಿನಗಳ ಟ್ರಯಲ್ ಪಡೆಯಬಹುದು.

ಮನೆಯವರ ಇಂಟರ್ನೆಟ್ ನಿಂತುಹೋಯಿತು. ಇದು ನನ್ನದೇ ಸಾಧನೆ. ಬ್ರಿಡ್ಜ್ ಮೋಡ್‌ನಲ್ಲಿ, ಕ್ಲೌಡ್ ಕಡೆಯ ಪೋರ್ಟ್ ಮೇಲೆಯೇ ಡಿಎಚ್‌ಸಿಪಿ ಸರ್ವರ್ ಅಭ್ಯಾಸ ಮಾಡಿದ್ದೆ. ಅಮ್ಮ ನೋಡುತ್ತಿದ್ದ ಧಾರಾವಾಹಿ ಟಿವಿಯಲ್ಲಿ ಗಿರಗಿರನೆ ತಿರುಗತೊಡಗಿತು. ಟಿವಿ ಮನೆಯ ರೌಟರ್ ಬಿಟ್ಟು ನನ್ನ ಲ್ಯಾಬ್ ರೌಟರ್‌ನಿಂದ ಐಪಿ ತೆಗೆದುಕೊಂಡಿತ್ತು. 'ಏನೋ ಮಾಡಿದೆ ನೀನು' ಅಂತ ಅಡುಗೆಮನೆಯಿಂದ ಅಪ್ಪನ ಕೂಗು ಬೇರೆ. ಡಿಎಚ್‌ಸಿಪಿ ಸರ್ವರ್ ಏನಿದ್ದರೂ ಒಳಗಿನ ಪೋರ್ಟ್‌ಗಳಲ್ಲಿ ಮಾತ್ರ.

## ಹಂತ 8: ಕೆಲಸ ಉಳಿಸಿಕೊಳ್ಳುವುದು

ರೌಟರ್‌ಓಎಸ್‌ನಲ್ಲಿ ಸಿಸ್ಕೋದ ಹಾಗೆ ಕೆಲಸ ಉಳಿಸುವ 'ರೈಟ್ ಮೆಮೊರಿ' ಕಮಾಂಡ್ ಇಲ್ಲ. ಎಂಟರ್ ಒತ್ತಿದ ಕೂಡಲೇ ಬದಲಾವಣೆ ಉಳಿಯುತ್ತದೆ. ಆದರೂ ನಿಲ್ಲಿಸುವಾಗ ಒಳಗಿನಿಂದ ಹೊರಕ್ಕೆ ಬನ್ನಿ: ರೌಟರ್‌ನಲ್ಲಿ '/ಸಿಸ್ಟಂ ಶಟ್‌ಡೌನ್', ಆಮೇಲೆ ಈವ್-ಎನ್‌ಜಿಯಲ್ಲಿ 'ಪವರ್‌ಆಫ್', ಕೊನೆಗೆ ವಿಎಂವೇರ್ ಮುಚ್ಚುವುದು. ನೇರವಾಗಿ ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಮಲಗುವ ಅಭ್ಯಾಸ ಇದ್ದವರ ಲ್ಯಾಬ್ ಒಂದಲ್ಲ ಒಂದು ದಿನ ಕೈಕೊಡುತ್ತದೆ.

ವೆಬ್ ಪುಟದಿಂದ ಲ್ಯಾಬ್ ಎಕ್ಸ್‌ಪೋರ್ಟ್ ಮಾಡಿದರೆ ನಕ್ಷೆ ಬರುತ್ತದೆ, ರೌಟರ್‌ಗಳ ಡಿಸ್ಕ್ ಬರುವುದಿಲ್ಲ. ಹಾಗಾಗಿ ಪ್ರತಿ ರೌಟರ್‌ನಲ್ಲೂ '/ಎಕ್ಸ್‌ಪೋರ್ಟ್' ಕೊಟ್ಟು, ತೆರೆಯ ಮೇಲೆ ಬಂದ ಸಾಲುಗಳನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ಉಳಿಸಿ.

ಹೊಸ ಆವೃತ್ತಿ ಬಂದಾಗ ಹಳೆಯ ಫೋಲ್ಡರ್‌ನ ಎಚ್‌ಡಿಎ ಫೈಲನ್ನು ಮುಟ್ಟಬೇಡಿ. ಹಳೆಯ ಲ್ಯಾಬ್‌ಗಳ ಪದರಗಳೆಲ್ಲ ಅದರ ಮೇಲೇ ನಿಂತಿವೆ, ಅದನ್ನು ಎಳೆದರೆ ಎಲ್ಲವೂ ಕುಸಿಯುತ್ತವೆ. ಹೊಸ ಸಂಖ್ಯೆಯ ಇನ್ನೊಂದು ಫೋಲ್ಡರ್ ಮಾಡಿ, ನಾಲ್ಕು ಮತ್ತು ಐದನೇ ಹಂತ ಮತ್ತೆ ಮಾಡಿ. ನೋಡ್ ಸೇರಿಸುವಾಗ 'ಇಮೇಜ್' ಪಟ್ಟಿಯಲ್ಲಿ ಎರಡೂ ಆವೃತ್ತಿ ಕಾಣುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಿ.